ಉಳಿದದ್ದೆಲ್ಲ ಷಷ್ಠಿಗೆ

ಶಿರಸಿಯ ಬಸ್ ನಿಲ್ದಾಣದಲ್ಲಿ ಯಾರಾದರೂ ‘ಧಾರವಾಡದ ಬಸ್ಸು ಬಂತೇನ್ರೀ?’ ಎಂದು ಕೇಳಿದರೆ ಪ್ರಶ್ನೆ ಎಲ್ಲರಿಗೂ ಅರ್ಥವಾಗುತ್ತದೆ. ಆದರೆ ಅದಕ್ಕಿರುವ ಅರ್ಥ ಎರಡು. ಕೈಯಲ್ಲಿ ಚೀಲ ಹಿಡಿದವರು ಕೇಳಿದರೆ ಅದು ಧಾರವಾಡಕ್ಕೆ ಹೋಗುವ ಬಸ್ಸು. ಬೀಗರನ್ನು ಇಳಿಸಿಕೊಳ್ಳಲು ಬರಿಗೈಯಲ್ಲಿ ಬಂದವರು ಕೇಳಿದರೆ ಧಾರವಾಡದಿಂದ ಬರುವ ಬಸ್ಸು. ಆ ಊರಿಗೂ ಈ ಬಸ್ಸಿಗೂ ಏನೋ ಒಂದು ನಂಟಿದೆ ಎಂದಷ್ಟೇ ಹೇಳಿ ‘ದ’ ಸುಮ್ಮನಾಗುತ್ತದೆ. ಎಂಥ ನಂಟು ಎಂಬುದನ್ನು ಕೇಳಿದವರ ಚೀಲ ನೋಡಿ ನಾವೇ ತಿಳಿದುಕೊಳ್ಳಬೇಕು. ಬಸ್ಸು ಧಾರವಾಡದ ಸ್ವತ್ತಂತೂ ಅಲ್ಲ.

ಶಾಲೆಯಲ್ಲಿ ‘ಉ, ಅನ್ನು, ಇಂದ, ಗೆ, ದೆಸೆಯಿಂದ, ಅ, ಅಲ್ಲಿ’ ಎಂದು ರಾಗವಾಗಿ ಒಪ್ಪಿಸಿದವರಿಗೆಲ್ಲ ಆರನೆಯ ಆ ‘ಅ’, ಅಂದರೆ ಷಷ್ಠೀ ವಿಭಕ್ತಿಯ ಪ್ರತ್ಯಯ, ನೆನಪಿರುತ್ತದೆ. ಪೂರ್ವದ ಹಳಗನ್ನಡದ ಶಾಸನಗಳಲ್ಲಿ ದೀರ್ಘವಾಗಿ ‘ಆ’ ಎಂದೇ ಸಿಗುವ ಈ ಪ್ರತ್ಯಯ ಮುಂದೆ ಸವೆದು ಒಂದು ಮಾತ್ರೆಗೆ ಇಳಿಯಿತು. ಮೇಷ್ಟ್ರು ಕೊಟ್ಟ ಉದಾಹರಣೆ ‘ರಾಮನ ಮನೆ’, ಹೇಳಿದ ಅರ್ಥ ಒಡೆತನ. ಪಾಠ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ದಿನವಿಡೀ ನಾವಾಡುವ ಷಷ್ಠಿಗಳನ್ನು ಒಮ್ಮೆ ಕಿವಿಗೊಟ್ಟು ಕೇಳಿ: ಚಿನ್ನದ ಬಳೆ, ಮೂರು ದಿನದ ಜ್ವರ, ಮದುವೆಯ ಸಾಲ, ನಾಳಿನ ಅಡುಗೆ, ನೀರಿನ ಕೊಡ, ಹುಲಿಯ ಭಯ. ಒಡೆತನ ಹುಡುಕಿದರೆ ಒಂದರಲ್ಲೂ ಸಿಗದು. ‘ನನ್ನ ಬಸ್ಸು ತಪ್ಪಿತು’ ಎಂದು ಹಲುಬುವವರು ಯಾರೂ ಸಾರಿಗೆ ಸಂಸ್ಥೆಯ ಮಾಲೀಕರಲ್ಲ. ‘ತಾಯಿಯ ನೆನಪು’ ಎಂದಾಗ ನೆನೆಯುವವಳು ತಾಯಿಯೋ, ನೆನೆಯಲ್ಪಡುವವಳು ತಾಯಿಯೋ? ಲ್ಯಾಟಿನ್ ಕಲಿಸುವವರೂ ಇದೇ ತೊಡಕನ್ನು ‘ಶತ್ರುಗಳ ಭಯ’ ಎಂಬ ಮಾತಿನಲ್ಲಿ ತೋರಿಸುತ್ತಾರೆ. ಹೆದರಿದವರು ಶತ್ರುಗಳೂ ಆಗಬಹುದು, ಶತ್ರುಗಳಿಗೆ ಹೆದರಿದ ನಾವೂ ಆಗಬಹುದು.

ಷಷ್ಠಿಯ ಈ ಸ್ವಭಾವವನ್ನು ಪಾಣಿನಿ ಎರಡು ಸಾವಿರ ವರ್ಷಗಳಿಗೂ ಹಿಂದೆಯೇ ಕಂಡುಕೊಂಡಿದ್ದ. ಅವನ ವ್ಯಾಕರಣದಲ್ಲಿ ವಿಭಕ್ತಿಗಳು ಏಳು, ಕಾರಕಗಳು ಆರೇ: ಕರ್ತೃ, ಕರ್ಮ, ಕರಣ, ಸಂಪ್ರದಾನ, ಅಪಾದಾನ, ಅಧಿಕರಣ. ಷಷ್ಠಿಗೆ ತನ್ನದೆನ್ನುವ ಕಾರಕವೇ ಇಲ್ಲ. ಕಾರಣ ಸರಳ. ಕಾರಕ ಎಂದರೆ ಕ್ರಿಯೆಯಲ್ಲಿ ಪಾಲುಗೊಳ್ಳುವುದು. ‘ರಾಮನ ಮಗ ಮರದಿಂದ ಹಣ್ಣನ್ನು ಕೋಲಿನಿಂದ ಕೆಡವಿದ’ ಎಂಬ ವಾಕ್ಯದಲ್ಲಿ ಕೆಡವಿದವನು ಮಗ, ಬಿದ್ದದ್ದು ಹಣ್ಣು, ಕೆಡವಿದ ಸಾಧನ ಕೋಲು, ಹಣ್ಣು ಬಿಟ್ಟುಬಂದ ಜಾಗ ಮರ. ರಾಮ ಮಾತ್ರ ಆ ಹೊತ್ತಿಗೆ ಮನೆಯಲ್ಲಿ ಮಲಗಿ ಗೊರಕೆ ಹೊಡೆಯುತ್ತಿದ್ದರೂ ವಾಕ್ಯಕ್ಕೇನೂ ಊನವಿಲ್ಲ. ಅವನ ನಂಟು ಮಗನ ಜೊತೆಗೆ, ಕೆಡವುವುದರ ಜೊತೆಗಲ್ಲ. ಹೀಗಾಗಿ ಪಾಣಿನಿ ಮಿಕ್ಕ ವಿಭಕ್ತಿಗಳಿಗೆಲ್ಲ ಒಂದೊಂದು ಕೆಲಸ ಹಂಚಿ, ಉಳಿದದ್ದಕ್ಕೆ ಷಷ್ಠಿ ಎಂದು ಬರೆದ. ಅವನ ಸೂತ್ರದಲ್ಲಿರುವ ಪದವೇ ‘ಶೇಷ’. ಮುಂದೆ ಮಹಾಭಾಷ್ಯ ಬರೆದ ಪತಂಜಲಿ ಆ ಶೇಷವನ್ನು ಎಣಿಸಲು ಹೊರಟವನಂತೆ, ಷಷ್ಠಿಗೆ ಅರ್ಥಗಳು ನೂರೊಂದು ಎಂದ. ಆ ಸಂಖ್ಯೆಯನ್ನು ಲೆಕ್ಕ ಎಂದುಕೊಳ್ಳುವುದಕ್ಕಿಂತ ‘ಎಣಿಸಿ ಮುಗಿಯದು’ ಎಂಬುದರ ಇನ್ನೊಂದು ರೂಪ ಎಂದುಕೊಳ್ಳುವುದೇ ಮೇಲು.

ಇಷ್ಟು ಸಡಿಲವಾದದ್ದನ್ನು ಪಾಣಿನಿ ತನ್ನ ಕೆಲಸಕ್ಕೆ ಬಳಸಿಕೊಂಡ ರೀತಿ ಮಾತ್ರ ಚೆಂದ. ಯಣ್ ಸಂಧಿ ಗೊತ್ತಲ್ಲ, ಅತಿ ಎಂಬುದಕ್ಕೆ ಅಂತ ಸೇರಿ ಅತ್ಯಂತ ಆಗುವುದು. ಇಲ್ಲಿ ‘ಇ’ ಹೋಗಿ ಅದರ ಜಾಗಕ್ಕೆ ‘ಯ್’ ಬರುತ್ತದೆ. ಇದನ್ನು ವಿಧಿಸುವ ಸೂತ್ರದಲ್ಲಿ ‘ಹೋಗಿ’, ‘ಜಾಗಕ್ಕೆ’, ‘ಬರುತ್ತದೆ’ ಎಂಬ ಯಾವ ಪದವೂ ಇಲ್ಲ. ಹೋಗಬೇಕಾದ ಸ್ವರಕ್ಕೆ ಷಷ್ಠೀ ಪ್ರತ್ಯಯ ಹಚ್ಚಿದೆ, ಅಷ್ಟೆ. ನನ್ನ ಸೂತ್ರಗಳಲ್ಲಿ ಬೇರೆ ಅರ್ಥ ಹೊಂದದ ಷಷ್ಠಿ ಕಂಡರೆ ‘ಇದರ ಸ್ಥಾನದಲ್ಲಿ’ ಎಂದು ಓದಿಕೊಳ್ಳಿ ಎಂದು ಮೊದಲನೆಯ ಅಧ್ಯಾಯದಲ್ಲೇ ಅವನು ಕರಾರು ಮಾಡಿಕೊಂಡಿದ್ದಾನೆ. ನೂರೊಂದು ಅರ್ಥಗಳಲ್ಲಿ ಒಂದನ್ನು ಆರಿಸಿ ಬಿಗಿಮಾಡಿದ್ದರಿಂದ ಉಳಿದದ್ದು ಎಷ್ಟು ಅಕ್ಷರ ಎಂದು ಅವನ ಅಷ್ಟಾಧ್ಯಾಯಿ ಓದಿದವರನ್ನು ಕೇಳಬೇಕು.

ನಮ್ಮ ವ್ಯಾಕರಣಕಾರರು ಸಂಸ್ಕೃತದ ಏಳು ವಿಭಕ್ತಿಗಳ ಅಚ್ಚನ್ನು ಹಾಗೆಯೇ ಕನ್ನಡಕ್ಕೂ ತಂದರು. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇವತ್ತಿನ ಪಠ್ಯಪುಸ್ತಕದವರೆಗೆ ಅದೇ ಅಚ್ಚು. ಯಾರ ಬಾಯಲ್ಲೂ ಬಾರದ ‘ದೆಸೆಯಿಂದ’ ಪಂಚಮಿಯಾಗಿ ಉಳಿದುಕೊಂಡದ್ದು ಹೀಗೆ. ಕನ್ನಡಕ್ಕೆ ಅದರದ್ದೇ ವ್ಯಾಕರಣ ಬೇಕು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದ್ದು ಇಂಥವನ್ನು ಕಂಡೇ. ಷಷ್ಠಿಯ ಮಟ್ಟಿಗೆ ಹೇಳುವುದಾದರೆ, ಕನ್ನಡದಲ್ಲಿ ಅದು ಏಳರಲ್ಲಿ ಒಂದು ಎನ್ನುವುದಕ್ಕಿಂತ ಮಿಕ್ಕವಕ್ಕೆ ತಳಪಾಯ ಎನ್ನುವುದೇ ಸರಿ. ‘ಮರದ’ ಎಂಬುದರ ಮೇಲೆ ಮರದಲ್ಲಿ, ಮರದಿಂದ ನಿಲ್ಲುತ್ತವೆ. ‘ನನ್ನ’ ಎಂಬುದರ ಮೇಲೆ ನನ್ನನ್ನು, ನನ್ನಿಂದ, ನನ್ನಲ್ಲಿ. ಮರದ ಮೇಲೆ, ಮರದ ಕೆಳಗೆ, ನನ್ನ ಜೊತೆ, ನನ್ನ ಹಿಂದೆ, ಎಲ್ಲದಕ್ಕೂ ಷಷ್ಠಿಯೇ ಮೆಟ್ಟಿಲು.

ಈಗ ‘ಕಾರಂತರ ಚಿತ್ರ’ ಎಂಬ ಮಾತು ತೆಗೆದುಕೊಳ್ಳಿ. ಯಾವ ಕಾರಂತರು ಎಂಬ ಪ್ರಶ್ನೆ ಬೇರೆ. ಶಿವರಾಮ ಕಾರಂತರು ಎಂದೇ ಇಟ್ಟುಕೊಳ್ಳೋಣ. ಅವರು ಬರೆದ ಚಿತ್ರವೋ, ಅವರನ್ನು ಬರೆದ ಚಿತ್ರವೋ, ಅವರ ಮನೆಯ ಗೋಡೆಯಲ್ಲಿದ್ದ ಚಿತ್ರವೋ? ಅವರು ಮೂಕಿಚಿತ್ರಗಳನ್ನೂ ನಿರ್ದೇಶಿಸಿದ್ದರಿಂದ ಇನ್ನೂ ಒಂದು ಅರ್ಥ ಸೇರಿಕೊಳ್ಳುತ್ತದೆ. ಕನ್ನಡ ಇದನ್ನು ಬಿಡಿಸುವುದಿಲ್ಲ, ಬೇಕಾದರೆ ಹೆಚ್ಚಿನ ಪದ ಹಾಕಿಕೊಳ್ಳಿ ಎನ್ನುತ್ತದೆ. ಹವಾಯಿ ದ್ವೀಪಗಳ ಭಾಷೆಯಲ್ಲಿ ಈ ತಾಪತ್ರಯವಿಲ್ಲ. ಅಲ್ಲಿ ಷಷ್ಠಿಗಳೇ ಎರಡು, ಒಂದು ‘ಆ’ ಷಷ್ಠಿ, ಇನ್ನೊಂದು ‘ಓ’ ಷಷ್ಠಿ. ಚಿತ್ರಕ್ಕೆ ‘ಆ’ ಹಚ್ಚಿದರೆ ಹೆಸರಿನವರು ಬರೆದ ಅಥವಾ ತೆಗೆದ ಚಿತ್ರ, ‘ಓ’ ಹಚ್ಚಿದರೆ ಅವರೇ ಅದರಲ್ಲಿ ಕಾಣುವ ಚಿತ್ರ.

ನನ್ನ ಎನ್ನಲು ಅವರಲ್ಲಿ ‘ಕಉ’ ಮತ್ತು ‘ಕೊಉ’ ಎಂಬ ಎರಡು ರೂಪಗಳಿವೆ, ಮೊದಲನೆಯದು ‘ಆ’ ಗುಂಪಿನದು, ಎರಡನೆಯದು ‘ಓ’ ಗುಂಪಿನದು. ‘ಇವಿ’ ಎಂದರೆ ಮೂಳೆ. ‘ಕೊಉ ಇವಿ’ ಎಂದರೆ ನನ್ನ ಮೈಯೊಳಗಿನ ಮೂಳೆ. ‘ಕಉ ಇವಿ’ ಎಂದರೆ ನಾನು ಊಟಕ್ಕೆ ಕೂತು ಕಡಿಯುತ್ತಿರುವ ಮೂಳೆ. ಹೆಸರಿಗೂ ಹಾಗೆಯೇ: ನನಗಿಟ್ಟ ಹೆಸರು ‘ಓ’, ನಾನು ಇನ್ನೊಬ್ಬರಿಗೆ ಇಟ್ಟ ಹೆಸರು ‘ಆ’. ಕೊರಳಲ್ಲಿ ಹಾಕಿಕೊಂಡ ಹೂಮಾಲೆ ‘ಓ’, ಮಾರಲೆಂದು ಕಟ್ಟಿದ ಹೂಮಾಲೆ ‘ಆ’. ಎಳೆ ಹಿಡಿದರೆ ನಿಯಮ ಕಾಣುತ್ತದೆ. ನಂಟು ಶುರುವಾದದ್ದು ನನ್ನ ಇಚ್ಛೆಯಿಂದಾದರೆ ‘ಆ’, ನನ್ನನ್ನು ಕೇಳದೆ ಬಂದದ್ದಾದರೆ ‘ಓ’. ಗಂಡ, ಹೆಂಡತಿ, ಮಕ್ಕಳು, ಪುಸ್ತಕ, ಊಟ ‘ಆ’ ಕಡೆಗೆ. ಅಪ್ಪ, ಅಮ್ಮ, ಅಣ್ಣ, ಕೈಕಾಲು, ದೊರೆ ‘ಓ’ ಕಡೆಗೆ. ಮಕ್ಕಳನ್ನು ಮಾಡಿಕೊಂಡವರು ನಾವು, ಅಪ್ಪ ಅಮ್ಮನನ್ನು ಆರಿಸಿಕೊಂಡವರು ಯಾರಿದ್ದಾರೆ! ನಮ್ಮ ಮನೆಗಳಲ್ಲಿ ಹದಿಹರೆಯದವರು ಜಗಳದ ನಡುವೆ ಎತ್ತುವ ಈ ವಾದವನ್ನು ಹವಾಯಿಯವರು ವ್ಯಾಕರಣದಲ್ಲೇ ಇಟ್ಟುಕೊಂಡಿದ್ದಾರೆ.

ಆದರೆ ಮನೆ, ದೋಣಿ, ಕುದುರೆ, ಬಟ್ಟೆ, ಕುರ್ಚಿ ಕೂಡ ‘ಓ’ ಗುಂಪಿನವು. ಇವನ್ನು ನಾವೇ ಕೊಂಡುಕೊಳ್ಳುತ್ತೇವಲ್ಲ, ಇಚ್ಛೆ ಇಲ್ಲದೆ ಬಂದವೇ? ಇಲ್ಲಿ ಇನ್ನೊಂದು ನಿಯಮ ಕೆಲಸ ಮಾಡುತ್ತದೆ. ನಾವು ಯಾವುದರ ಒಳಗೆ ಹೊಗುತ್ತೇವೋ, ಮೇಲೆ ಏರುತ್ತೇವೋ, ಯಾವುದನ್ನು ತೊಡುತ್ತೇವೋ ಅದು ‘ಓ’. ಕಾರು ಬಂದಾಗ ಯಾರೂ ಸಭೆ ಸೇರಿ ತೀರ್ಮಾನ ಮಾಡಬೇಕಾಗಲಿಲ್ಲ, ಅದು ದೋಣಿ ಕುದುರೆಗಳ ಸಾಲಿಗೆ ಹೋಗಿ ನಿಂತಿತು. ನೆಲವೂ ‘ಓ’. ಮಾವೊರಿ, ಸಮೋವನ್, ಟೋಂಗನ್ ಭಾಷೆಗಳಲ್ಲೂ ಇಂಥ ಎರಡು ಬಗೆ ಇರುವುದರಿಂದ, ಪಾಲಿನೇಷ್ಯಾದ ದ್ವೀಪಗಳಿಗೆ ದೋಣಿ ಹತ್ತಿ ಹರಡಿಕೊಂಡ ಜನ ಈ ವಿಂಗಡಣೆಯನ್ನು ಜೊತೆಗೇ ಒಯ್ದರು ಎನ್ನಬೇಕು.

ಇನ್ನೂ ಪಶ್ಚಿಮಕ್ಕೆ, ವನುವಾಟು ದೇಶದಲ್ಲಿ ಪಾಮಾ ಎಂಬ ಪುಟ್ಟ ದ್ವೀಪವಿದೆ. ಅಲ್ಲಿನ ಭಾಷೆಯ ವ್ಯಾಕರಣ ಬರೆದ ಟೆರಿ ಕ್ರೌಲಿ ಕೊಡುವ ಉದಾಹರಣೆ ತೆಂಗಿನಕಾಯಿಯದು. ತಿಪಟೂರಿನವರಿಗೆ ಹೇಳಿ ಮಾಡಿಸಿದ್ದು. ತೆಂಗಿನಕಾಯಿಗೆ ಪದ ಒಂದೇ, ‘ನನ್ನ’ ಎಂಬುದಕ್ಕೆ ನಾಲ್ಕು. ತಿರುಳು ತಿನ್ನುವುದಕ್ಕೆ ಇಟ್ಟುಕೊಂಡದ್ದಾದರೆ ಒಂದು ‘ನನ್ನ’. ನೀರು ಕುಡಿಯುವುದಕ್ಕಾದರೆ ಇನ್ನೊಂದು. ನನ್ನ ನೆಲದಲ್ಲಿ ಬೆಳೆದದ್ದು ಎನ್ನಲು ಮೂರನೆಯದು. ಕುಳಿತುಕೊಳ್ಳುವುದಕ್ಕೋ ಮತ್ತಾವುದಕ್ಕೋ ಬಳಸುವುದಾದರೆ ನಾಲ್ಕನೆಯದು. ನಾವು ಎಳನೀರು, ಕಾಯಿ, ಕೊಬ್ಬರಿ ಎಂದು ವಸ್ತುವಿನ ಹೆಸರನ್ನೇ ಬದಲಿಸುತ್ತೇವೆ, ‘ನನ್ನ’ ಮಾತ್ರ ಅಲುಗಾಡುವುದಿಲ್ಲ. ಅವರು ಹೆಸರನ್ನು ಅಲುಗಾಡಿಸದೆ ‘ನನ್ನ’ವನ್ನು ಬದಲಿಸುತ್ತಾರೆ. ಪಕ್ಕದ ಫಿಜಿಯಲ್ಲೂ ತಿನ್ನುವ, ಕುಡಿಯುವ, ಬರಿದೆ ಇರಿಸಿಕೊಳ್ಳುವ ವಸ್ತುಗಳಿಗೆ ಬೇರೆ ಬೇರೆ ‘ನನ್ನ’ಗಳಿವೆ. ಮೈಗೆ ಅಂಟಿದ್ದಕ್ಕೆ ಇವು ಯಾವುವೂ ಬೇಡ. ‘ಉಲು’ ಎಂದರೆ ತಲೆ, ‘ಉಲುಂಗು’ ಎಂದರೆ ನನ್ನ ತಲೆ, ಒಡೆಯ ವಸ್ತುವಿಗೇ ಬಾಲವಾಗಿ ಅಂಟಿಕೊಂಡಿದ್ದಾನೆ. ಮನೆಗಾದರೆ ‘ನೊಂಗು ವಲೆ’ ಎಂದು ಬಿಡಿಬಿಡಿಯಾಗಿ ಹೇಳಬೇಕು.

ವನುವಾಟು, ಫಿಜಿಗಳು ಸೇರಿದ ಮೆಲನೇಷ್ಯಾದ ಭಾಷೆಗಳ ಈ ಭೇದವನ್ನು ಫ್ರಾನ್ಸಿನ ಚಿಂತಕ ಲೂಸಿಯೆನ್ ಲೆವಿ-ಬ್ರೂಲ್ 1914ರಲ್ಲಿ ಚರ್ಚಿಸಿದ. ಆಮೇಲೆ ಅಮೆರಿಕದ ಮೂಲನಿವಾಸಿಗಳ ಭಾಷೆಗಳಲ್ಲಿ, ಆಫ್ರಿಕದಲ್ಲಿ, ಆಸ್ಟ್ರೇಲಿಯದಲ್ಲಿ ನೋಡಿದಲ್ಲೆಲ್ಲ ಇದು ಕಂಡಿತು. ಒಂದು ಕಡೆ ಬಿಡಿಸಿಕೊಳ್ಳಲಾಗದವು: ನೆಂಟರು, ಅಂಗಾಂಗಗಳು. ಇನ್ನೊಂದು ಕಡೆ ಬಿಡಿಸಿಕೊಳ್ಳಬಹುದಾದವು: ಕೊಡಲಿ, ಹಂದಿ, ಬುಟ್ಟಿ. ಕ್ವೀನ್ಸ್‌ಲೆಂಡಿನ ಡ್ಯಿರ್ಬಲ್ ಭಾಷೆಯಲ್ಲಿ ಒಬ್ಬನ ಕೋಲಿಗೆ ಷಷ್ಠಿ ಬೇಕು, ಅವನ ಕೈಗೆ ಬೇಡ, ‘ಮನುಷ್ಯ ಕೈ’ ಎಂದು ಪಕ್ಕಪಕ್ಕ ಇಟ್ಟರೆ ಸಾಕು. ಇವುಗಳಲ್ಲೆಲ್ಲ ಒಂದು ಸಮಾನ ಗುಣ ಇದೆ. ಬಿಡಿಸಲಾಗದ ನಂಟಿನ ರೂಪ ಗಿಡ್ಡ, ಬಿಡಿಸಬಹುದಾದದ್ದರ ರೂಪ ಉದ್ದ. ಅದು ತಿರುಗುಮುರುಗಾಗುವುದು ಇಲ್ಲವೆನ್ನುವಷ್ಟು ಕಡಿಮೆ.

ಯಾಕೆ ಹೀಗೆ? ಎರಡು ಉತ್ತರಗಳಿವೆ. 1983ರ ಲೇಖನವೊಂದರಲ್ಲಿ ಭಾಷಾವಿಜ್ಞಾನಿ ಜಾನ್ ಹೈಮನ್ ಕೊಟ್ಟ ಉತ್ತರ: ಬದುಕಿನಲ್ಲಿ ಹತ್ತಿರವಿರುವವು ಮಾತಿನಲ್ಲೂ ಹತ್ತಿರ ಕೂರುತ್ತವೆ. ಕೇಳಲು ಸೊಗಸಾಗಿದೆ. ಇನ್ನೊಬ್ಬ ಭಾಷಾವಿಜ್ಞಾನಿ ಮಾರ್ಟಿನ್ ಹಾಸ್ಪೆಲ್ಮಾತ್ ಇದನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಇದು ಬರೀ ಬಳಕೆಯ ಲೆಕ್ಕ. ‘ಅಮ್ಮ’, ‘ಮೂಗು’, ‘ಮೊಣಕಾಲು’ ಎಂಬ ಪದಗಳು ಯಾರದ್ದೋ ಆಗಿಯೇ ಬಾಯಿಗೆ ಬರುತ್ತವೆ, ‘ಕಲ್ಲು’, ‘ಹೊಳೆ’ ಹಾಗಲ್ಲ. ಒಡೆಯ ಇದ್ದೇ ಇರುತ್ತಾನೆ ಎಂದು ಕೇಳುವವರು ಮೊದಲೇ ಊಹಿಸಬಲ್ಲರಾದ್ದರಿಂದ ಹೇಳುವವರು ಅಲ್ಲಿ ಉಸಿರು ಉಳಿಸುತ್ತಾರೆ. ತಲೆಮಾರುಗಳು ಉರುಳಿದಂತೆ ಆ ಜಾಗ ಸವೆಯುತ್ತದೆ. ನನಗೆ ಇದೇ ಹೆಚ್ಚು ಸರಿ ಎನ್ನಿಸುತ್ತದೆ, ಏಕೆಂದರೆ ಭಾಷೆಯ ಮೇಲೆ ತತ್ವಜ್ಞಾನದ ಹೊರೆ ಹೊರಿಸದೆಯೂ ಇದು ನಿಲ್ಲುತ್ತದೆ.

ದ್ರಾವಿಡ ಭಾಷೆಗಳಲ್ಲೂ ಇಂಥ ಸವಕಲು ಸಿಗುತ್ತದೆ, ಅದೂ ನಮ್ಮ ಅಂಗಳದಲ್ಲೇ. ಸಂಗಂ ಕಾಲದ ತಮಿಳಿನಲ್ಲಿ ‘ಎಂದೈ’ ಎಂದರೆ ನಮ್ಮ ತಂದೆ, ‘ನುಂದೈ’ ಎಂದರೆ ನಿಮ್ಮ ತಂದೆ, ‘ತಂದೈ’ ಎಂದರೆ ಅವನ ಅಥವಾ ಅವಳ ತಂದೆ. ತಾಯಿಗೂ ಹೀಗೆಯೇ ಮೂರು: ಯಾಯ್, ಞಾಯ್, ತಾಯ್. ಯಾರ ತಂದೆ ಎಂಬುದು ಪದದೊಳಗೇ ಬೆಸೆದುಕೊಂಡಿತ್ತು. ಕನ್ನಡದ ತಂದೆ, ತಾಯಿ ಈ ಮೂರನೆಯ ಸಾಲಿನವು, ಅವುಗಳ ‘ತ’ ಎಂದರೆ ‘ತನ್ನ’. ಮೊದಲೆರಡು ಸಾಲು ಕಣ್ಮರೆಯಾದ ಮೇಲೆ ಉಳಿದದ್ದೇ ಎಲ್ಲರ ಪದವಾಯಿತು. ಹಾಗಾಗಿ ‘ನನ್ನ ತಂದೆ’ ಎಂದಾಗಲೆಲ್ಲ ನಾವು ಎರಡು ಷಷ್ಠಿ ಹಾಕುತ್ತಿದ್ದೇವೆ, ಒಂದು ಬದುಕಿರುವುದು, ಒಂದು ಸತ್ತದ್ದು. ಜಾರ್ಖಂಡ್, ಛತ್ತೀಸ್‌ಗಢದ ಕಡೆ ಆಡುವ ದ್ರಾವಿಡ ಭಾಷೆ ಕುರುಖ್‌ನಲ್ಲಿ ಮೂರೂ ಉಳಿದಿವೆ: ಎಂಬಸ್ ನನ್ನ ತಂದೆ, ನಿಂಬಸ್ ನಿನ್ನ ತಂದೆ, ತಂಬಸ್ ಅವನ ತಂದೆ.

ಕನ್ನಡದಲ್ಲಿ ಅದೇ ಕೆಲಸ ಈಗ ಎರಡನೆಯ ಬಾರಿ ನಡೆಯುತ್ತಿರುವಂತಿದೆ. ನಮ್ಮಪ್ಪ, ನಮ್ಮವ್ವ, ನಿಮ್ಮಣ್ಣ ಎಂಬವನ್ನು ಬಿಡಿಸಿ ಹೇಳುವವರು ಯಾರು? ನಮ್ಮೂರು, ನಮ್ಮನೆ ಕೂಡ ಹಾಗೆಯೇ ಬೆಸೆದುಕೊಂಡಿವೆ. ಮುಂದೆ ಸ್ವರವಿದ್ದರೆ ಲೋಪಸಂಧಿ ತಾನಾಗಿ ಆಗುತ್ತದಲ್ಲ ಎಂದು ವೈಯಾಕರಣರು ತಕರಾರು ತೆಗೆಯಬಹುದು. ಆದರೆ ಹಳೆ ಮೈಸೂರಿನ ಮಾತಿನಲ್ಲಿ ‘ನಮ್ತಾಯಿ’, ‘ನಮ್ತಾತ’ ಎಂದೂ ಕೇಳುತ್ತದೆ, ಅಲ್ಲಿ ಸ್ವರ ಎಲ್ಲಿದೆ? ಇನ್ನೊಂದು ಗಮನಿಸಿ: ಒಬ್ಬನೇ ಮಗನೂ ‘ನಮ್ಮಪ್ಪ’ ಎನ್ನುತ್ತಾನೆ. ‘ನನ್ನಪ್ಪ’ ಎಂದರೆ ಸಿನಿಮಾದ ಸಂಭಾಷಣೆಯಂತೆ ಕೇಳುತ್ತದೆ. ಹಿರಿಯ ನೆಂಟರು ನಮಗೆ ಬಹುವಚನದಲ್ಲೇ ಸೇರುತ್ತಾರೆ. ಕೆಳಗಿಳಿದರೆ ‘ನನ್ನ ಮಗ’ ಎಂದು ಏಕವಚನ. ಅದನ್ನೂ ಬೆಸೆದು ‘ನನ್ಮಗ’ ಮಾಡಿದರೆ ಬೈಗುಳ. ಗಂಡನನ್ನೋ ಹೆಂಡತಿಯನ್ನೋ ಮಾತ್ರ ಷಷ್ಠಿಯ ಒಳಗೆ ಇನ್ನೊಂದು ಷಷ್ಠಿ ಇಟ್ಟು ‘ನಮ್ಮನೆಯವರು’ ಎಂದು ದೂರದಿಂದ ಸುತ್ತಿ ಹಿಡಿಯುತ್ತೇವೆ. ತೆಲುಗಿನವರ ‘ಮಾ ಆಯನ’ವೂ ಇದೇ ಜಾತಿಯದು, ‘ನಮ್ಮ ಅವರು’.

ಇಲ್ಲಿಯವರೆಗೆ ನೋಡಿದ್ದು ಎರಡು ನಾಮಪದಗಳ ನಂಟು. ಇದೇ ನಂಟನ್ನು ಪೂರ್ತಿ ವಾಕ್ಯವಾಗಿ ಹೇಳಬೇಕೆಂದರೆ ಕನ್ನಡ ಷಷ್ಠಿಯನ್ನು ಮುಂದಿಟ್ಟುಕೊಂಡು ಕೂರುವುದಿಲ್ಲ. ಇಂಗ್ಲಿಷಿನ ‘ಹ್ಯಾವ್’ ಎಂಬ ಕ್ರಿಯಾಪದಕ್ಕೆ ಸಾಟಿ ನಮ್ಮಲ್ಲಿ ಇಲ್ಲವೇ ಇಲ್ಲ. ಇರುವುದು ‘ಇರು’ ಒಂದೇ. ವಸ್ತು ಇದೆ, ಎಲ್ಲಿದೆ ಅಥವಾ ಯಾರಿಗಿದೆ ಎಂದು ಹೇಳುತ್ತೇವೆ, ಅಷ್ಟೆ. ನನಗೆ ಇಬ್ಬರು ಮಕ್ಕಳು. ನನಗೆ ಜ್ವರ. ಮೇಜಿಗೆ ನಾಲ್ಕು ಕಾಲು. ಇಲ್ಲೆಲ್ಲ ಚತುರ್ಥಿ. ದುಡ್ಡಿಗೆ ಬಂದರೆ ಮೈಸೂರಿನವರಿಗೆ ‘ನನ್ನ ಹತ್ರ ದುಡ್ಡಿಲ್ಲ’, ಧಾರವಾಡದವರಿಗೆ ‘ನನ್ನ ಕಡೆ ರೊಕ್ಕ ಇಲ್ಲ’. ಇಲ್ಲೆಲ್ಲ ಜಾಗ. ‘ನನ್ನ ಹತ್ತಿರ ಇಬ್ಬರು ಮಕ್ಕಳಿದ್ದಾರೆ’ ಎಂದು ಬದಲಿಸಿ ನೋಡಿ, ಅವರು ಬೇರೆಯವರ ಮಕ್ಕಳಾಗಿಬಿಡುತ್ತಾರೆ, ಹೇಳಿದವರು ಶಿಶುವಿಹಾರದ ಆಯಾ ಆಗುತ್ತಾರೆ. ಅಂದರೆ ಹವಾಯಿಯವರು ‘ಆ’, ‘ಓ’ಗಳಲ್ಲಿ ಮಾಡುವ ವಿಂಗಡಣೆಯ ಒಂದು ಪಾಲನ್ನು ನಾವೂ ಮಾಡುತ್ತೇವೆ, ಬೇರೆ ಜಾಗದಲ್ಲಿ. ಇನ್ನು ಒಡೆತನವನ್ನೇ ಖಡಾಖಂಡಿತ ಹೇಳಬೇಕಾದರೆ ‘ನನ್ನದು’ ಇದೆ. ಗ್ರಂಥಾಲಯದ ಪುಸ್ತಕ ನನ್ನ ಹತ್ತಿರ ಇದೆ, ಆದರೆ ನನ್ನದಲ್ಲ.

ಇದು ನಮ್ಮ ಕೊರತೆಯೂ ಅಲ್ಲ, ವಿಶೇಷವೂ ಅಲ್ಲ. ರಷ್ಯನ್ನರು ‘ನನ್ನ ಬಳಿ ಪುಸ್ತಕ’ ಎನ್ನುತ್ತಾರೆ. ತುರ್ಕಿಯವರು ‘ನನ್ನ ಪುಸ್ತಕ ಇದೆ’ ಎನ್ನುತ್ತಾರೆ. ಸ್ವಾಹಿಲಿಯವರು ‘ನಾನು ಪುಸ್ತಕದೊಡನೆ’ ಎನ್ನುತ್ತಾರೆ. ಭಾಷಾವಿಜ್ಞಾನಿ ಲಿಯೋನ್ ಸ್ಟಾಸೆನ್ ಜಗತ್ತಿನ ಮೂಲೆಮೂಲೆಯಿಂದ ಆರಿಸಿದ 240 ಭಾಷೆಗಳನ್ನು ಹೋಲಿಸಿದಾಗ ‘ಹ್ಯಾವ್’ನಂಥ ಕ್ರಿಯಾಪದವನ್ನೇ ನೆಚ್ಚಿಕೊಂಡವು ಸುಮಾರು ಕಾಲು ಭಾಗ ಮಾತ್ರ. ಯುರೋಪಿನ ದೊಡ್ಡ ಭಾಷೆಗಳಲ್ಲಿ ಬಹುಪಾಲು ಆ ಕಾಲು ಭಾಗದಲ್ಲಿ ಸೇರಿರುವುದರಿಂದ ಅದೇ ಸಹಜ, ಮಿಕ್ಕದ್ದು ವಿಚಿತ್ರ ಎಂಬ ಭಾವನೆ ಬಂದಿದೆ.

ಎರಿಕ್ ಫ್ರಾಮ್‌ನಂಥ ಚಿಂತಕನೂ ಈ ಹೊಂಡಕ್ಕೆ ಬಿದ್ದ. ಇರುವಿಕೆ ಮತ್ತು ಹೊಂದುವಿಕೆಯ ಬಗ್ಗೆ 1976ರಲ್ಲಿ ಬರೆದ ಹೆಸರಾಂತ ಪುಸ್ತಕದಲ್ಲಿ, ಎಷ್ಟೋ ಭಾಷೆಗಳಲ್ಲಿ ‘ಹ್ಯಾವ್’ ಎಂಬುದಿಲ್ಲ ಎಂದು ತೋರಿಸಿ, ಖಾಸಗಿ ಆಸ್ತಿ ಬೆಳೆದಂತೆ ಆ ಕ್ರಿಯಾಪದವೂ ಹುಟ್ಟಿರಬೇಕು ಎಂಬ ಊಹೆಗೆ ಹೋದ. ಪುಸ್ತಕದ ಮಿಕ್ಕ ಮಾತು ಏನೇ ಇರಲಿ, ಈ ಊಹೆಯನ್ನು ಕನ್ನಡದ ಶಾಸನಗಳ ಮುಂದೆ ಇಟ್ಟರೆ ಸಾಕು. ಸಾವಿರಾರು ಶಾಸನಗಳಲ್ಲಿ ಗದ್ದೆ, ತೋಟ, ಕೆರೆ, ಎಲ್ಲೆ, ದಾನ, ಕ್ರಯ. ಕೊಟ್ಟದ್ದನ್ನು ಕಸಿದುಕೊಂಡವರಿಗೆ ಕೊನೆಯಲ್ಲಿ ಭರ್ತಿ ಶಾಪ. ಆಸ್ತಿಯ ಬಗ್ಗೆ ಇಷ್ಟು ಕಾಳಜಿಯ ಜನ ಒಂದೂವರೆ ಸಾವಿರ ವರ್ಷ ‘ಇರು’ ಒಂದರಲ್ಲೇ ಹೊತ್ತು ಕಳೆದರು. ಕೋರ್ಟು ಕಚೇರಿ ಅಲೆಯುವುದಕ್ಕೂ ಅದೇ ಸಾಕಾಗುತ್ತಿದೆ.

ನೆಲದ ವಿಚಾರದಲ್ಲಿ ಕನ್ನಡ ಕೊಂಚ ಅಳುಕುತ್ತದೆ. ‘ಅವರಿಗೆ ಹತ್ತು ಎಕರೆ ಇದೆ’ ಎಂದರೂ ಸರಿ, ‘ಅವರ ಹತ್ತಿರ ಹತ್ತು ಎಕರೆ ಇದೆ’ ಎಂದರೂ ಸರಿ. ಮಕ್ಕಳಿಗೂ ದುಡ್ಡಿಗೂ ನಡುವೆ ಎಲ್ಲೋ ಜಮೀನು ನಿಂತಿದೆ. ‘ನಮ್ಮ ಗದ್ದೆ’ ಎಂದಾಗಲಂತೂ ಯಾವ ನಂಟು ಎಂದು ಷಷ್ಠಿ ಬಾಯಿ ಬಿಡುವುದಿಲ್ಲ. ದಕ್ಷಿಣ ಕನ್ನಡದಲ್ಲಿ ಧಣಿಯೂ ‘ನಮ್ಮ ಗದ್ದೆ’ ಎನ್ನುತ್ತಿದ್ದ, ಅದನ್ನು ಉತ್ತು ಗೇಣಿ ಅಳೆಯುತ್ತಿದ್ದ ಒಕ್ಕಲೂ ‘ನಮ್ಮ ಗದ್ದೆ’ ಎನ್ನುತ್ತಿದ್ದ, ಇಬ್ಬರ ಮಾತಿನಲ್ಲೂ ವ್ಯಾಕರಣದ ತಪ್ಪಿರಲಿಲ್ಲ. ಕಾಯಂ ಆಗಿ ಕೊಟ್ಟ ಮೂಲಗೇಣಿ, ಬೇಕಾದಾಗ ಬಿಡಿಸಬಹುದಾದ ಚಾಲಗೇಣಿ ಎಂಬ ಬೇರೆ ಬೇರೆ ಹೆಸರುಗಳು ಬೇಕಾದದ್ದು ಇದರಿಂದಲೇ. 1974ರ ಭೂಸುಧಾರಣಾ ತಿದ್ದುಪಡಿ ಬಂದ ಮೇಲೆ ಗೇಣಿದಾರರು ಭೂಮಿಯ ಹಕ್ಕು ಕೋರಿ ನಮೂನೆ 7 ತುಂಬಿ ಭೂನ್ಯಾಯಮಂಡಳಿಯ ಮುಂದೆ ಹೋದರು. ಅಲ್ಲಿ ಎದುರುಬದುರು ನಿಂತದ್ದು ಎರಡು ‘ನಮ್ಮ’ಗಳು, ಸಾಕ್ಷಿಗೆ ಕೇಳಿದ್ದು ಗೇಣಿಚೀಟಿ. ಪಹಣಿಯಲ್ಲೂ ಖಾತೆದಾರರ ಹೆಸರಿಗೆ 9ನೆಯ ಕಾಲಂ, ಸಾಗುವಳಿ ಮಾಡುವವರಿಗೆ 12ನೆಯ ಕಾಲಂ. ಇಂದಿಗೂ ಕ್ರಯಪತ್ರ ಬರೆಯುವವರು ‘ನನ್ನ ಜಮೀನು’ ಎಂದು ಬರೆದು ಕೈಬಿಡುವುದಿಲ್ಲ. ಸ್ವಯಾರ್ಜಿತವೋ ಪಿತ್ರಾರ್ಜಿತವೋ ಹೇಳಿ, ‘ಸ್ವಾಧೀನಾನುಭವದಲ್ಲಿರುವ’ ಎಂಬ ಉದ್ದದ ಪದ ಸೇರಿಸಿ, ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಇಂಥವರ ಗದ್ದೆ, ಪಶ್ಚಿಮಕ್ಕೆ ಇಂಥವರ ತೋಟ ಎಂದು ನಾಲ್ಕು ದಿಕ್ಕಿಗೂ ಮತ್ತೆ ನಾಲ್ಕು ಷಷ್ಠಿ ಹಾಕುತ್ತಾರೆ.